ಗೂಡಿನ ಮೂಲೆಯಲ್ಲಿ ಸತ್ತ ಇರುವೆಗಳ ಗುಡ್ಡೆ: ರೋಗವೇ, ರೂಢಿಯೇ?

ಪ್ರಶ್ನೆ: ಒಂದೂವರೆ ವರ್ಷದಿಂದ ಗೊದ್ದ ಇರುವೆಗಳ ಒಂದು ಗೂಡನ್ನು ಸಾಕುತ್ತಿದ್ದೇನೆ. ರಾಣಿ ಮತ್ತು ಮರಿಗಳು ದೊಡ್ಡ ಟೆಸ್ಟ್ ಟ್ಯೂಬಿನಲ್ಲಿವೆ, ಅದಕ್ಕೆ ಸೇರಿಸಿದ ಗಾಜಿನ ಪೆಟ್ಟಿಗೆಯಲ್ಲಿ ಆಹಾರ ಇಡುತ್ತೇನೆ. ಈಗ ಸುಮಾರು 150 ಇರುವೆಗಳಿವೆ. ಕಳೆದ ಹತ್ತು ದಿನಗಳಲ್ಲಿ ಪೆಟ್ಟಿಗೆಯ ಒಂದೇ ಮೂಲೆಯಲ್ಲಿ 12 ಸತ್ತ ಇರುವೆಗಳು ಸೇರಿವೆ. ಮೊನ್ನೆ ಇನ್ನೂ ಕಾಲಾಡಿಸುತ್ತಿದ್ದ ಒಂದನ್ನು ಇನ್ನೊಂದು ಎಳೆದು ತಂದು ಅಲ್ಲೇ ಹಾಕಿತು. ಈ ನಡುವೆ ಒಂದು ದಿನ ಪಕ್ಕದ ಕೋಣೆಯಲ್ಲಿ ಸೊಳ್ಳೆಗೆ ಸ್ಪ್ರೇ ಹೊಡೆದಿದ್ದೆವು. ಇದು ರೋಗವೇ, ವಿಷವೇ? ಗುಡ್ಡೆಯನ್ನು ತೆಗೆಯಬಹುದೇ, ಅಥವಾ ಅದು ಅವುಗಳ ಸ್ಮಶಾನವೆಂದು ಬಿಡಬೇಕೇ? ಸತ್ತ ದುಂಬಿಯ ಸುತ್ತ ಇರುವೆಗಳು ಹೂವಿನ ಎಸಳು ಜೋಡಿಸಿದ ವೀಡಿಯೊ ನೋಡಿದ ಮೇಲೆ ಮುಟ್ಟಲು ಮನಸ್ಸಾಗುತ್ತಿಲ್ಲ. ಜೀವಂತ ಇರುವೆಗೆ ಎಣ್ಣೆ ಸವರಿದರೆ ಉಳಿದವು ಅದನ್ನು ಸತ್ತಿದೆಯೆಂದು ಹೊತ್ತೊಯ್ಯುತ್ತವಂತೆ, ಅದನ್ನು ನೋಡಬೇಕೆಂದು ಮಗಳ ಹಟ. ಮಾಡಬಹುದೇ?

ಉತ್ತರ: ನಿಮ್ಮ ಮುಖ್ಯ ಆತಂಕ ಗೂಡು ಸಾಯುತ್ತಿದೆಯೇ ಎಂಬುದು, ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಮೂಲೆಯಲ್ಲಿ ಗುಡ್ಡೆ ಬಿದ್ದಿರುವುದು ಒಳ್ಳೆಯ ಲಕ್ಷಣ. ಸತ್ತದ್ದನ್ನು ಮರಿಗಳಿಂದ ದೂರ ಒಯ್ದು ಹಾಕುವಷ್ಟು ಆರೋಗ್ಯ ಗೂಡಿಗೆ ಇದೆ ಎಂದು ಅದು ಹೇಳುತ್ತದೆ. ಆದರೆ ಹತ್ತು ದಿನಕ್ಕೆ 12 ಎಂಬ ಲೆಕ್ಕ ಸ್ವಲ್ಪ ಹೆಚ್ಚು. ಕೆಲಸಗಾರ ಇರುವೆಯ ಸರಾಸರಿ ಆಯಸ್ಸನ್ನು ಒಂದು ವರ್ಷವೆಂದು ಇಟ್ಟುಕೊಳ್ಳಿ. 150 ಇರುವೆಗಳ ಗೂಡಿನಲ್ಲಿ ದಿನಕ್ಕೆ 0.4ರಂತೆ ಹತ್ತು ದಿನಕ್ಕೆ ನಾಲ್ಕು ಸಾಯುವುದು ಸಹಜ. ನಿಮ್ಮಲ್ಲಿ ಅದರ ಮೂರು ಪಟ್ಟು ಸತ್ತಿವೆ. ಗಾಬರಿಯಾಗಬೇಕಾದ ಸಂಖ್ಯೆ ಇದಲ್ಲ, ಕಾರಣ ಹುಡುಕಬೇಕಾದ ಸಂಖ್ಯೆ. ಆ ಕಾರಣದ ಸುಳಿವು ಬಹುಪಾಲು ಆ ಗುಡ್ಡೆಯಲ್ಲೇ ಸಿಗುತ್ತದೆ, ಹಾಗಾಗಿ ಅದನ್ನು ಎತ್ತಿ ಎಸೆಯುವ ಮೊದಲು ಒಮ್ಮೆ ಬಿಡಿಸಿ ನೋಡಬೇಕು.

ಸ್ಮಶಾನದ ಕಲ್ಪನೆ ಹಳೆಯದು. ಮನುಷ್ಯರನ್ನು ಬಿಟ್ಟರೆ ಸತ್ತವರನ್ನು ಹೂಳುವ ಜೀವಿ ಇರುವೆಯೊಂದೇ ಎಂದು ರೋಮಿನ ಪ್ಲಿನಿ ಒಂದನೇ ಶತಮಾನದಲ್ಲೇ ಬರೆದಿದ್ದ. ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಇರುವೆಗಳು ಸತ್ತದ್ದನ್ನು ಕಚ್ಚಿ ಎತ್ತಿ, ಗೂಡಿನಿಂದ ದೂರ ಒಯ್ದು, ಒಂದೆಡೆ ಸೇರಿಸುತ್ತವೆ. ಆದರೆ ಹೆಚ್ಚಿನ ಜಾತಿಗಳಲ್ಲಿ ಆ ಜಾಗ ಹೆಣಗಳಿಗಷ್ಟೇ ಮೀಸಲಲ್ಲ. ತಿಂದು ಬಿಟ್ಟ ಕೀಟದ ರೆಕ್ಕೆ, ಕಾಲು, ಬೀಜದ ಸಿಪ್ಪೆ, ಬೂಸ್ಟು ಹಿಡಿದ ಆಹಾರ ಎಲ್ಲವೂ ಅಲ್ಲಿಗೇ ಹೋಗುತ್ತವೆ. ಅದು ಗೂಡಿನ ತಿಪ್ಪೆ. ನೀವು ಅದನ್ನು ತೆಗೆದರೆ ಇರುವೆಗಳಿಗೆ ಯಾವ ನೋವೂ ಆಗುವುದಿಲ್ಲ.

ಸತ್ತಿದೆ ಎಂಬುದು ಅವುಗಳಿಗೆ ತಿಳಿಯುವುದು ವಾಸನೆಯಿಂದ, ಅಲುಗಾಟ ನಿಂತದ್ದರಿಂದಲ್ಲ. 1958ರಲ್ಲಿ ಇರುವೆ ತಜ್ಞ ಎಡ್ವರ್ಡ್ ವಿಲ್ಸನ್ ಮತ್ತು ಇಬ್ಬರು ಸಹೋದ್ಯೋಗಿಗಳು ಅಮೆರಿಕದ, ಬೀಜ ಕೂಡಿಡುವ ಕೊಯ್ಲು ಇರುವೆಗಳ ಮೇಲೆ ನಡೆಸಿದ ಪ್ರಯೋಗವೇ ನಿಮ್ಮ ಮಗಳು ಕೇಳಿರುವ ಕಥೆಯ ಮೂಲ. ಸತ್ತ ಇರುವೆಯ ಸಾರ ಹಚ್ಚಿದ ಕಾಗದದ ಚೂರನ್ನೂ ಇರುವೆಗಳು ತಿಪ್ಪೆಗೆ ಒಯ್ದವು. ಆ ಸಾರದಲ್ಲಿ ಕೆಲಸ ಮಾಡುತ್ತಿದ್ದ ಮುಖ್ಯ ವಸ್ತು ಒಲೆಯಿಕ್ ಆಮ್ಲ. ಜೀವ ಹೋದ ಮೇಲೆ ದೇಹದ ಕೊಬ್ಬು ಒಡೆದು ಬಿಡುಗಡೆಯಾಗುವ ಆಮ್ಲ ಇದು. ಇದನ್ನು ಜೀವಂತ ಇರುವೆಗೆ ಹಚ್ಚಿದಾಗ ಉಳಿದವು ಅದನ್ನು ಒದ್ದಾಡುತ್ತಿದ್ದಂತೆಯೇ ಎತ್ತಿ ತಿಪ್ಪೆಗೆ ಎಸೆದವು. ಮೈ ಉಜ್ಜಿ ಶುಚಿ ಮಾಡಿಕೊಳ್ಳುವವರೆಗೆ, ವಾಪಸು ಬಂದಾಗಲೆಲ್ಲ ಅದನ್ನು ಮತ್ತೆ ಹೊರಗೆ ಹಾಕಿದವು.

ಈ ಕಥೆ ಅಲ್ಲಿಗೆ ನಿಂತಿದ್ದರೆ ಸರಳವಾಗಿರುತ್ತಿತ್ತು, ಎಲ್ಲರೂ ಹೇಳುವುದೂ ಅಷ್ಟನ್ನೇ. ಆದರೆ ಜೀವವಿಜ್ಞಾನಿ ಡೆಬೊರಾ ಗಾರ್ಡನ್ 1983ರಲ್ಲಿ ಅದೇ ಕೊಯ್ಲು ಇರುವೆಗಳಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಗೂಡು ಕಸ ತೆಗೆಯುವ ಕೆಲಸದಲ್ಲಿದ್ದಾಗ ಒಲೆಯಿಕ್ ಆಮ್ಲ ಹಚ್ಚಿದ ಚೂರು ತಿಪ್ಪೆಗೆ ಹೋಗುತ್ತದೆ. ಆಹಾರ ತರುವ ಹೊತ್ತಿನಲ್ಲಾದರೆ ಅದೇ ಚೂರನ್ನು ಗೂಡಿನೊಳಗೆ ತೆಗೆದುಕೊಂಡು ಹೋಗುತ್ತವೆ. ಬೀಜಗಳಲ್ಲೂ ಸತ್ತ ಕೀಟಗಳಲ್ಲೂ ಇದೇ ಆಮ್ಲ ಇರುತ್ತದೆ, ಹಾಗಾಗಿ ಇದರಲ್ಲಿ ಅಚ್ಚರಿಯೇನಿಲ್ಲ.

2009ರಲ್ಲಿ ಅರ್ಜೆಂಟೀನಾ ಇರುವೆಗಳ ಅಧ್ಯಯನ ಚಿತ್ರದ ಇನ್ನೊಂದು ಅರ್ಧವನ್ನು ತುಂಬಿತು. ಇವುಗಳಲ್ಲಿ ಒಂದು ಇರುವೆ ಸತ್ತ ಒಂದು ಗಂಟೆಯೊಳಗೇ ಉಳಿದವು ಅದರ ಹೆಣವನ್ನು ಎತ್ತಲು ಶುರುಮಾಡುತ್ತವೆ. ಅಷ್ಟು ಬೇಗ ಕೊಬ್ಬು ಕೊಳೆತು ಆಮ್ಲ ಸೇರುವುದು ಸಾಧ್ಯವಿಲ್ಲ. ಅಲ್ಲಿ ಆಗುವುದು ಬೇರೆ. ಬದುಕಿರುವ ಇರುವೆಯ ಮೈಮೇಲೆ ಡಾಲಿಕೋಡಯಲ್, ಇರಿಡೊಮಿರ್ಮೆಸಿನ್ ಎಂಬ ಎರಡು ರಾಸಾಯನಿಕಗಳು ಸದಾ ಇರುತ್ತವೆ, ಮತ್ತು ಅವು ಇರುವವರೆಗೆ ಯಾರೂ ಅದನ್ನು ಎತ್ತುವುದಿಲ್ಲ. ಸತ್ತ ಮೇಲೆ ಅವು ಬೇಗ ಆರಿಹೋಗುತ್ತವೆ. ಎತ್ತು ಎನ್ನುವ ವಾಸನೆ ಮೊದಲೇ ಮೈಮೇಲಿರುತ್ತದೆ, ಬೇಡ ಎನ್ನುವ ವಾಸನೆ ಹೋದೊಡನೆ ಅದು ಬಯಲಾಗುತ್ತದೆ. ನಿಮ್ಮ ಗೊದ್ದಗಳಲ್ಲಿ ಕೆಲವು ಹೆಣ ಬೇಗ ಮೂಲೆ ಸೇರಿ, ಕೆಲವು ಒಂದೆರಡು ದಿನ ಬಿದ್ದಲ್ಲೇ ಬಿದ್ದಿದ್ದರೆ ಅದನ್ನು ಸೋಮಾರಿತನ ಎಂದಾಗಲೀ ಕಾಯಿಲೆ ಎಂದಾಗಲೀ ತಿಳಿಯಬೇಡಿ. ಜಾತಿ, ತೇವ, ಆ ಹೊತ್ತಿನಲ್ಲಿ ಗೂಡು ಮಾಡುತ್ತಿದ್ದ ಕೆಲಸ, ಇವೆಲ್ಲವುಗಳ ಮೇಲೆ ಆ ಅವಧಿ ನಿಂತಿದೆ.

ಮೂಲೆಯನ್ನೇ ಆರಿಸಿಕೊಂಡದ್ದೇಕೆ ಎಂದರೆ, ಅದನ್ನು ಯಾವ ಇರುವೆಯೂ ಆರಿಸಿಲ್ಲ. ಮೆಸ್ಸರ್ ಎಂಬ ಬೀಜ ಕೂಡಿಡುವ ಇರುವೆಗಳ ನಡುವೆ ಹೆಣಗಳನ್ನು ಎಲ್ಲೆಂದರಲ್ಲಿ ಹರಡಿ ನೋಡಿದ ಪ್ರಯೋಗಗಳಿವೆ. ಕೆಲವೇ ಗಂಟೆಗಳಲ್ಲಿ ಅವು ಗುಡ್ಡೆಗಳಾಗುತ್ತವೆ. ಒಂಟಿಯಾಗಿ ಬಿದ್ದ ಹೆಣವನ್ನು ಎತ್ತುವ ಸಾಧ್ಯತೆ ಹೆಚ್ಚು, ಗುಡ್ಡೆಯಲ್ಲಿರುವುದನ್ನು ಎತ್ತುವ ಸಾಧ್ಯತೆ ಕಡಿಮೆ. ಹೊತ್ತದ್ದನ್ನು ಖಾಲಿ ಜಾಗದಲ್ಲಿ ಇಳಿಸುವುದು ಅಪರೂಪ, ಗುಡ್ಡೆ ಸಿಕ್ಕಲ್ಲಿ ಇಳಿಸುವುದು ಹೆಚ್ಚು. ಈ ಎರಡು ಒಲವುಗಳಿಂದಲೇ ಸಣ್ಣ ಗುಡ್ಡೆಗಳು ಕರಗಿ ದೊಡ್ಡವು ಬೆಳೆಯುತ್ತವೆ. ಇರುವೆಗಳು ಗೋಡೆಗೆ ತಾಗಿಕೊಂಡು ನಡೆಯುವುದರಿಂದ ಗುಡ್ಡೆಯೂ ಹೆಚ್ಚಾಗಿ ಅಂಚಿನಲ್ಲೇ ಏಳುತ್ತದೆ. ಗಾಳಿಯ ಸುಳಿದಾಟವೂ ಜಾಗವನ್ನು ಬದಲಿಸುತ್ತದೆ, ಗಾಳಿ ಕಡಿಮೆ ಇರುವ ಕಡೆ ಹೆಣ ಹೆಚ್ಚು ಸೇರುತ್ತದೆ. ಪೆಟ್ಟಿಗೆಯ ಜಾಲರಿ ಎಲ್ಲಿದೆ ನೋಡಿ, ನಿಮ್ಮ ಗುಡ್ಡೆ ಬಹುಶಃ ಅದರಿಂದ ದೂರದ ಮೂಲೆಯಲ್ಲಿರುತ್ತದೆ.

ವೀಡಿಯೊದ ಎಸಳುಗಳಿಗೂ ಇದೇ ಬಗೆಯ ವಿವರಣೆ ಸಾಕು. ಕೆಲವು ಇರುವೆಗಳು ಎಸಳನ್ನು ಆಹಾರವೆಂದು ಹೊತ್ತು ತರುತ್ತವೆ, ಗೂಡಿನ ಬಾಯಿಗೆ ದೊಡ್ಡ ದುಂಬಿ ಅಡ್ಡ ಬಿದ್ದಿದ್ದರೆ ಹೊತ್ತದ್ದನ್ನು ಅಲ್ಲೇ ಇಳಿಸಿಬಿಡುತ್ತವೆ. ಎಳೆದೊಯ್ಯಲಾಗದ ಬೇಟೆಯನ್ನೂ ಅಂಟುವ ವಸ್ತುವನ್ನೂ ಮಣ್ಣಿನ ಕಣ, ಎಲೆ ಚೂರುಗಳಿಂದ ಮುಚ್ಚುವ ಜಾತಿಗಳೂ ಇವೆ. ಶೋಕಾಚರಣೆಗೆ ಯಾವ ಪುರಾವೆಯೂ ಇಲ್ಲ. ಆದರೆ ಹೂಳುವುದು ಪೂರ್ತಿ ಕಟ್ಟುಕಥೆ ಎಂದು ಹೇಳಲಾರೆ. ಲೇಸಿಯಸ್ ನೈಗರ್ ಎಂಬ ಕಪ್ಪು ಇರುವೆಯಲ್ಲಿ ಕೆಲವೊಮ್ಮೆ ಎರಡು ರಾಣಿಗಳು ಸೇರಿ ಗೂಡು ಹೂಡುತ್ತವೆ. ಒಂದು ಸತ್ತರೆ ಇನ್ನೊಂದಕ್ಕೆ ಹೆಣವನ್ನು ಹೊರಗೆ ಒಯ್ಯಲು ದಾರಿಯಿಲ್ಲ, ಏಕೆಂದರೆ ಕೋಣೆಯನ್ನು ಒಳಗಿಂದ ಮುಚ್ಚಿಕೊಂಡಿರುತ್ತವೆ. ಆಗ ಬದುಕಿರುವ ರಾಣಿ ಹೆಣವನ್ನು ಕಚ್ಚಿ ತುಂಡರಿಸಿ ಮಣ್ಣಿನಲ್ಲಿ ಮುಚ್ಚುತ್ತದೆ. ಹಾಗೆ ಮಾಡಿದ ರಾಣಿಗಳು ಹೆಚ್ಚು ಬದುಕುಳಿಯುತ್ತವೆ ಎಂಬುದೂ ದಾಖಲಾಗಿದೆ.

ಇಷ್ಟೆಲ್ಲ ಶ್ರಮ ಏಕೆ ಎಂಬುದೇ ನಿಮ್ಮ ಪೆಟ್ಟಿಗೆಗೆ ನೇರವಾಗಿ ಸಂಬಂಧಿಸಿದ ವಿಷಯ. ಗೂಡೊಳಗಿನ ಇರುವೆಗಳೆಲ್ಲ ಹೆಚ್ಚಾಗಿ ಒಂದೇ ತಾಯಿಯ ಮಕ್ಕಳು, ಒತ್ತೊತ್ತಾಗಿ ತೇವದ ಕತ್ತಲಲ್ಲಿ ಇರುತ್ತವೆ, ಬಾಯಿಂದ ಬಾಯಿಗೆ ಆಹಾರ ಹಂಚಿಕೊಳ್ಳುತ್ತವೆ. ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಮೆಟಾರೈಜಿಯಂನಂಥ ಶಿಲೀಂಧ್ರದ ಬೀಜಕ, ಅಂದರೆ ಅದರ ಬೀಜದಂಥ ಸೂಕ್ಷ್ಮ ಕಣ, ಇರುವೆಯ ಮೈಗೆ ಅಂಟಿ, ಚರ್ಮ ಕೊರೆದು ಒಳಹೊಕ್ಕು, ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ಆದರೆ ಸತ್ತ ಕೂಡಲೇ ಆ ಹೆಣ ಸೋಂಕು ಹರಡುವುದಿಲ್ಲ. ಶಿಲೀಂಧ್ರ ಕೀಲುಗಳ ನಡುವಿನ ತೆಳು ಪೊರೆಯಿಂದ ಹೊರಬಂದು ಹೊಸ ಬೀಜಕಗಳನ್ನು ಬಿಡಲು ಇನ್ನೂ ಕೆಲವು ದಿನ ಬೇಕು, ಚೆನ್ನಾಗಿ ತೇವವೂ ಬೇಕು. ಆ ಬಿಡುವಿನಲ್ಲಿ ಹೆಣವನ್ನು ಒಣ ಜಾಗಕ್ಕೆ ಸಾಗಿಸಿದರೆ ಸರಪಳಿ ಕಡಿಯುತ್ತದೆ. ಕೆಂಪು ಮಿರ್ಮಿಕಾ ಇರುವೆಗಳ ಗುಂಪುಗಳಿಗೆ ಹೆಣ ಹೊರಹಾಕಲು ದಾರಿಯೇ ಇಲ್ಲದಂತೆ ಮಾಡಿ ನೋಡಿದ ಅಧ್ಯಯನ 2014ರಲ್ಲಿ ಬಂದಿದೆ, ಅಂಥ ಗುಂಪುಗಳಲ್ಲಿ ಕೆಲಸಗಾರ ಇರುವೆಗಳು ಹೆಚ್ಚು ಸತ್ತವು. ಆದ್ದರಿಂದ ಟ್ಯೂಬಿನಿಂದ ಪೆಟ್ಟಿಗೆಗೆ ಹೋಗುವ ದಾರಿ ಎಂದೂ ಕಟ್ಟಿಕೊಳ್ಳಬಾರದು. ಹತ್ತಿಯ ಎಳೆ, ಉಬ್ಬಿದ ಮರಳು, ಬಗ್ಗಿದ ಪೈಪು, ಯಾವುದೂ ಅಡ್ಡ ಬರಬಾರದು.

ಎಲೆ ಕತ್ತರಿಸುವ ಅಮೆರಿಕದ ಆಟ್ಟಾ ಇರುವೆಗಳು ಈ ವಿಷಯದಲ್ಲಿ ಬಹಳ ಮುಂದೆ ಹೋಗಿವೆ. ಹೆಣವೂ, ಅವು ಆಹಾರಕ್ಕೆಂದು ಬೆಳೆಸುವ ಶಿಲೀಂಧ್ರ ತೋಟದ ಹಾಳಾದ ಕಸವೂ ಸೇರುವ ಕೋಣೆಗಳು ಹೆಚ್ಚಿನ ಜಾತಿಗಳಲ್ಲಿ ನೆಲದೊಳಗೆ ಬೇರೆಯೇ ಇರುತ್ತವೆ, ಅಲ್ಲಿ ದುಡಿಯುವವು ಹೆಚ್ಚಾಗಿ ವಯಸ್ಸಾದ ಇರುವೆಗಳು. ತಿಪ್ಪೆಯ ವಾಸನೆ ಹೊತ್ತು ತೋಟದ ಕಡೆ ಬಂದರೆ ಉಳಿದವು ಅವುಗಳ ಮೇಲೆ ಬೀಳುತ್ತವೆ. ಗೊದ್ದಗಳಲ್ಲಿ ಹೀಗೆ ಹೆಣ ಹೊರಲೆಂದೇ ಇರುವ ಪಂಗಡವಿಲ್ಲ. ಹೊರಗೆ ಓಡಾಡುವ, ವಯಸ್ಸಾದ ಇರುವೆಗಳೇ ಹೆಚ್ಚಾಗಿ ಈ ಕೆಲಸ ಮಾಡುತ್ತವೆ.

ಈಗ ಕಾಲಾಡಿಸುತ್ತಿದ್ದ ಆ ಇರುವೆಯ ವಿಷಯ. ಅದು ಕ್ರೌರ್ಯವಲ್ಲ. ಆ ಇರುವೆ ಸಾಯುವ ಹಂತದಲ್ಲಿದ್ದು ಮೈಯ ವಾಸನೆ ಆಗಲೇ ಬದಲಾಗಿರಬಹುದು, ಅಥವಾ ಸ್ಪ್ರೇಯಂಥದ್ದೇನಾದರೂ ತಗುಲಿರಬಹುದು. ಟೆಮ್ನೊಥೊರಾಕ್ಸ್ ಎಂಬ ಸಣ್ಣ ಇರುವೆಗಳಲ್ಲಂತೂ ಸಾಯಲಿರುವವು ತಾವಾಗಿಯೇ ಗೂಡು ಬಿಟ್ಟು ಹೋಗಿ, ಗಂಟೆಗಳು ಇಲ್ಲವೇ ದಿನಗಳ ನಂತರ ಹೊರಗೆ ಒಂಟಿಯಾಗಿ ಸಾಯುತ್ತವೆ ಎಂದು 2010ರಲ್ಲಿ ಗೊತ್ತಾಯಿತು. ನಿಮ್ಮ 12ರಲ್ಲಿ ಕೆಲವು ಆ ಮೂಲೆಗೆ ನಡೆದುಕೊಂಡೇ ಹೋಗಿರಬಹುದು. ಇದರ ಜೊತೆ ಒಂದು ಎಚ್ಚರ ಬೇಕು: ಗೊದ್ದಗಳು ಆರೋಗ್ಯವಂತ ಸಂಗಾತಿಯನ್ನೂ ಹೊರುತ್ತವೆ. ಹಾಗೆ ಹೊರಿಸಿಕೊಂಡ ಇರುವೆ ಕಾಲುಗಳನ್ನು ಮಡಚಿ, ಮೈ ಸುರುಳಿ ಮಾಡಿಕೊಂಡು ಅಲುಗದೆ ಇರುತ್ತದೆ, ನೋಡಿದವರಿಗೆ ಹೆಣವೆಂದೇ ತೋರುತ್ತದೆ. ಯಾವ ಕಡೆ ಹೋಗುತ್ತಿದೆ ಎಂಬುದನ್ನು ನೋಡಿ. ಗೂಡಿನ ಕಡೆಗಾದರೆ ಅದು ಸಾಗಣೆ, ತಿಪ್ಪೆಯ ಕಡೆಗಾದರೆ ಮಾತ್ರ ವಿಲೇವಾರಿ.

ಇನ್ನು ಗುಡ್ಡೆಯನ್ನು ಓದುವ ಕೆಲಸ. ತುದಿ ಮೊಂಡಾದ ಚಿಮಟದಿಂದ ಗುಡ್ಡೆಯನ್ನು ಪೂರ್ತಿ ಎತ್ತಿ ಬಿಳಿ ಕಾಗದದ ಮೇಲೆ ಹರಡಿ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟುಕೊಳ್ಳಿ. ಪೆಟ್ಟಿಗೆಯೊಳಗೆ ಬಾಯಿಂದ ಊದಬೇಡಿ, ಉಸಿರು ತಾಗಿದರೆ ಇಡೀ ಗೂಡು ಗಲಿಬಿಲಿಗೊಳ್ಳುತ್ತದೆ.

ಮೊದಲು ಕಣ್ಣಿಗೆ ಬೀಳುವುದು ತೆಳು ಕಂದು ಬಣ್ಣದ, ಅಕ್ಕಿ ಕಾಳಿನಾಕಾರದ ಹಗುರ ಸಿಪ್ಪೆಗಳು. ಅನೇಕರು ಇದನ್ನು ಸತ್ತ ಮೊಟ್ಟೆಯೆಂದು ತಿಳಿದು ಕಂಗಾಲಾಗುತ್ತಾರೆ. ಅದು ಮರಿಹುಳು ಪ್ಯೂಪಾ ಆಗುವಾಗ ತನ್ನ ಸುತ್ತ ನೇಯ್ದುಕೊಂಡ ಕೋಶ. ಒಂದು ತುದಿಯಲ್ಲಿ ಕಪ್ಪು ಚುಕ್ಕೆ ಇರುತ್ತದೆ, ಅದು ಮರಿಹುಳು ಕೊನೆಗೊಮ್ಮೆ ಹೊರಹಾಕಿದ ಮಲ. ಇನ್ನೊಂದು ತುದಿ ಹರಿದಿರುತ್ತದೆ, ಅಲ್ಲಿಂದಲೇ ಹೊಸ ಇರುವೆ ಹೊರಬಂದಿದೆ. ಹರಿದ ಖಾಲಿ ಕೋಶ ಎಂದರೆ ಒಂದು ಹುಟ್ಟು. ಗುಡ್ಡೆಯಲ್ಲಿ 12 ಹೆಣಗಳ ಜೊತೆ 30 ಖಾಲಿ ಕೋಶಗಳಿದ್ದರೆ ಗೂಡು ಬೆಳೆಯುತ್ತಿದೆ ಎಂದೇ ಅರ್ಥ. ಕೋಶಗಳೇ ಇಲ್ಲದೆ ಹೆಣಗಳಷ್ಟೇ ಇದ್ದರೆ ರಾಣಿಯನ್ನೂ ಮರಿಗಳನ್ನೂ ಒಮ್ಮೆ ನೋಡಬೇಕು. ಹರಿಯದ, ಒಳಗೆ ಒಣಗಿದ ಪ್ಯೂಪಾ ಇರುವ ಕೋಶಗಳಿದ್ದರೆ ಒಣಹವೆ ಅಥವಾ ಅತಿ ಬಿಸಿಯನ್ನು ಶಂಕಿಸಿ.

ಆಮೇಲೆ ಹೆಣಗಳ ಗಾತ್ರ ನೋಡಿ. ಹೊಸ ರಾಣಿ ತನ್ನ ಮೈಯ ಕೊಬ್ಬಿನಿಂದಲೇ ಸಾಕಿದ ಮೊದಲ ತಂಡದ ಇರುವೆಗಳು ಉಳಿದವಕ್ಕಿಂತ ಚಿಕ್ಕವು, ಆಯಸ್ಸೂ ಕಡಿಮೆ. ಅವೆಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದವಾದ್ದರಿಂದ ಸಾಯುವುದೂ ಹತ್ತಿರ ಹತ್ತಿರವೇ. ನಿಮ್ಮ ಗೂಡಿಗೆ ಒಂದೂವರೆ ವರ್ಷ. 12ರಲ್ಲಿ ಎಂಟೊಂಬತ್ತು ಸಣ್ಣವೇ ಆಗಿದ್ದರೆ ಬೇರೆ ಕಾರಣ ಹುಡುಕುವ ಅಗತ್ಯ ಕಡಿಮೆ. ಇದು ತೀರ ಸಾಮಾನ್ಯವಾಗಿ ಸಿಗುವ ಕಾರಣ.

ಹೊಟ್ಟೆಯ ಭಾಗವನ್ನು ಗಮನಿಸಿ. ಪಟ್ಟಿಗಳು ಒಂದರೊಳಗೊಂದು ಸೇರಿಕೊಂಡು ಕುಗ್ಗಿ, ಹೊಟ್ಟೆ ಚಪ್ಪಟೆಯಾಗಿದ್ದರೆ ಹಸಿವು ಇಲ್ಲವೇ ನೀರಿನ ಕೊರತೆ. ಹಳೆಯ ಹೆಣ ತಾನಾಗಿಯೂ ಒಣಗುತ್ತದೆ, ಆದ್ದರಿಂದ ಇದನ್ನು ಆ ದಿನ ಸತ್ತದ್ದರಲ್ಲಿ ಮಾತ್ರ ನೋಡಬೇಕು. ಹೊಟ್ಟೆ ಕಳಚಿ ಒಳಗೆ ಟೊಳ್ಳಾಗಿದ್ದರೆ ಗೂಡಿನವೇ ತಿಂದಿವೆ. ಫಾರ್ಮಿಕಾ ಇರುವೆಗಳು ಗೂಡು ಗೂಡುಗಳ ಕಾಳಗದಲ್ಲಿ ಸತ್ತವನ್ನು ಆಹಾರವಾಗಿ ಒಳಗೆ ಸಾಗಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಸತ್ತದ್ದೆಲ್ಲ ತಿಪ್ಪೆಗೆ ಹೋಗಲೇಬೇಕೆಂದಿಲ್ಲ. ಸಾಕಿದ ಗೂಡಿನಲ್ಲಿ ಇದು ಮತ್ತೆ ಮತ್ತೆ ಕಂಡರೆ ಪ್ರೋಟೀನ್ ಸಾಲುತ್ತಿಲ್ಲ ಎಂದು ತಿಳಿದು, ವಾರಕ್ಕೆ ಎರಡು ಮೂರು ಬಾರಿ ಕೀಟದ ಆಹಾರ ಕೊಡಿ.

ಸ್ಪ್ರೇಯ ಗುರುತು ಬೇರೆ. ಸೊಳ್ಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ವರ್ಗದ ವಿಷ, ಅದು ನರಗಳ ಮೇಲೆ ಕೆಲಸ ಮಾಡುತ್ತದೆ. ತಗುಲಿದ ಇರುವೆ ಮೊದಲು ದಿಕ್ಕೆಟ್ಟು ಓಡುತ್ತದೆ, ಕಾಲು ನಡುಗಿಸುತ್ತದೆ, ಬೆನ್ನಡಿಯಾಗಿ ಬಿದ್ದು ಒದ್ದಾಡುತ್ತದೆ. ಹೆಣಗಳು ಮೊದಲಿಗೆ ಪೆಟ್ಟಿಗೆಯ ತುಂಬ ಚೆಲ್ಲಿಕೊಂಡಿರುತ್ತವೆ, ಬದುಕಿದವು ಆಮೇಲೆ ಗುಡ್ಡೆ ಮಾಡುತ್ತವೆ. ಸಾವು ಒಂದರಿಂದ ಮೂರು ದಿನಗಳಲ್ಲಿ ಒತ್ತಟ್ಟಿಗೆ ಬಂದು ನಿಂತುಹೋಗುತ್ತದೆ. ನಿಮ್ಮ 12ರಲ್ಲಿ ಹೆಚ್ಚಿನವು ಸ್ಪ್ರೇ ಹೊಡೆದ ಮರುದಿನವೋ ಮೂರನೇ ದಿನದೊಳಗೋ ಸತ್ತು ಆಮೇಲೆ ಕಡಿಮೆಯಾಗಿದ್ದರೆ ಉತ್ತರ ಅದೇ. ದಿನಕ್ಕೊಂದು, ಆಮೇಲೆ ಎರಡು, ಆಮೇಲೆ ಮೂರು ಎಂದು ಏರುತ್ತಿದ್ದರೆ ಸ್ಪ್ರೇಯನ್ನು ಬಿಟ್ಟು ಸೋಂಕಿನ ಕಡೆ ನೋಡಬೇಕು. ಇವತ್ತಿನಿಂದಲೇ ದಿನಾಂಕ ಹಾಕಿ ಎಣಿಕೆ ಬರೆದಿಡಿ.

ಸೋಂಕನ್ನು ಪರೀಕ್ಷಿಸುವ ಸರಳ ದಾರಿಯೊಂದಿದೆ. ಒಂದು ದಿನದೊಳಗೆ ಸತ್ತ ನಾಲ್ಕೈದು ಇರುವೆಗಳನ್ನು ಆರಿಸಿ. ಮೈಮೇಲಿನ ಸಾಮಾನ್ಯ ಬೂಸ್ಟು ಹೋಗಲೆಂದು 70 ಶೇಕಡಾ ಆಲ್ಕೋಹಾಲಿನಲ್ಲಿ ಕೆಲವು ಸೆಕೆಂಡು ಅದ್ದಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ. ತೇವ ಮಾಡಿದ, ನೀರು ತೊಟ್ಟಿಕ್ಕದ ಹತ್ತಿಯ ಮೇಲೆ ಒಂದಕ್ಕೊಂದು ತಾಗದಂತೆ ಇಟ್ಟು ಮುಚ್ಚಳ ಹಾಕಿ. ಗೂಡಿನಿಂದ ದೂರ, ಬೇರೆ ಕೋಣೆಯಲ್ಲಿ, 25 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಏಳು ದಿನ ಬಿಡಿ, ಮುಚ್ಚಳ ತೆಗೆಯದೆ ಹೊರಗಿನಿಂದಲೇ ನೋಡುತ್ತಿರಿ. ಕತ್ತು, ಕಾಲಿನ ಬುಡ, ಹೊಟ್ಟೆಯ ಪಟ್ಟಿಗಳ ಸಂದು, ಇಂಥ ಕೀಲುಗಳಿಂದ ಬಿಳಿ ಎಳೆಗಳು ಹೊರಬಂದು, ಆಮೇಲೆ ಗಾಢ ಹಸಿರು ಪುಡಿಯಾದರೆ ಮೆಟಾರೈಜಿಯಂ ಇರಬಹುದು. ಸುಣ್ಣದಂಥ ಬಿಳಿಯಾಗಿಯೇ ಉಳಿದರೆ ಬೊವೇರಿಯಾ ಎಂಬ ಇನ್ನೊಂದು ಶಿಲೀಂಧ್ರ ಇರಬಹುದು. ಹಳದಿ ಹಸಿರಾದರೆ ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರ ಆಗಿರುವ ಸಾಧ್ಯತೆಯೂ ಇದೆ, ಬಣ್ಣವೊಂದರಿಂದ ತೀರ್ಮಾನಿಸಬೇಡಿ, ಖಚಿತವಾಗಲು ಸೂಕ್ಷ್ಮದರ್ಶಕ ಬೇಕು. ಮೈತುಂಬ ಬೂದು ಇಲ್ಲವೇ ಕಪ್ಪು ನವಿರು ಎದ್ದರೆ ಅದು ಸಾಮಾನ್ಯವಾಗಿ ಸತ್ತ ಮೇಲೆ ಬಂದ ಬೂಸ್ಟು, ಸಾವಿಗೆ ಕಾರಣವಲ್ಲ. ಐದರಲ್ಲಿ ಒಂದರಲ್ಲಿ ಕಂಡದ್ದಕ್ಕೂ ನಾಲ್ಕರಲ್ಲಿ ಕಂಡದ್ದಕ್ಕೂ ಬಹಳ ವ್ಯತ್ಯಾಸವಿದೆ. ಪರೀಕ್ಷೆ ಮುಗಿದ ಮೇಲೆ ಡಬ್ಬಿಯನ್ನು ತೆರೆಯದೆ ಎಸೆಯಿರಿ. ಆ ಬೀಜಕದ ಪುಡಿ ಉಸಿರಿನೊಂದಿಗೆ ಒಳಗೆ ಹೋಗುವುದು ಒಳ್ಳೆಯದಲ್ಲ, ಅಲರ್ಜಿ ಇರುವವರಿಗೆ ವಿಶೇಷವಾಗಿ.

ಗುಡ್ಡೆಯಲ್ಲಿ ಓಡಾಡುವ ಸಣ್ಣ ಬಿಳಿ ನುಸಿಗಳು ಕಂಡರೆ ಅವು ಹೆಚ್ಚಾಗಿ ಕೊಳೆತದ್ದನ್ನು ತಿನ್ನುವಂಥವು, ಕಸ ತೆಗೆದು ತೇವ ಇಳಿಸಿದರೆ ಕಡಿಮೆಯಾಗುತ್ತವೆ. ಬದುಕಿರುವ ಇರುವೆಗಳ ತಲೆಗೋ ಹೊಟ್ಟೆಗೋ ಕಚ್ಚಿಕೊಂಡು ಅಲುಗದೆ ಕುಳಿತ ನುಸಿಗಳಾದರೆ ಗಂಭೀರ.

ಸತ್ತಿದೆ ಎಂದು ಕಂಡದ್ದೆಲ್ಲ ಸತ್ತಿರುವುದಿಲ್ಲ. ನೀರಿನಲ್ಲಿ ಮುಳುಗಿದ ಇರುವೆ ಗಂಟೆಗಟ್ಟಲೆ ಅಲುಗದೆ ಇದ್ದು ಒಣಗಿದ ಮೇಲೆ ಎದ್ದು ನಡೆಯುತ್ತದೆ. ಚಳಿಗೆ ಮರಗಟ್ಟಿದ್ದೂ ಹಾಗೆಯೇ. ನೀರಿನ ತಟ್ಟೆಯಲ್ಲಿ ಸಿಕ್ಕವನ್ನು ಒಣ ಕಾಗದದ ಮೇಲೆ ಒಂದು ದಿನ ಬಿಟ್ಟು ನೋಡಿ, ಆಮೇಲೆ ಎಣಿಕೆಗೆ ಸೇರಿಸಿ.

ಇನ್ನು ಏನು ಮಾಡಬೇಕು ಎಂಬುದು. ಏನೂ ಮಾಡದೆ ಬಿಡುವುದು ದೊಡ್ಡ, ಒಣ ಪೆಟ್ಟಿಗೆಯಲ್ಲಿ ನಡೆಯುತ್ತದೆ. ಹೊರಗಿನ ಇರುವೆಗಳು ತಿಪ್ಪೆಯನ್ನು ಬಿಸಿಲು ಗಾಳಿಗೆ ಬಿಟ್ಟು ಹೊರಟುಹೋಗಬಲ್ಲವು, ನಿಮ್ಮ ಗೊದ್ದಗಳಿಗೆ ಓಡಲು ಜಾಗವಿಲ್ಲ, ಅದಕ್ಕೇ ನಾನು ತೆಗೆಯುವುದರ ಪರ. ವಾರಕ್ಕೊಮ್ಮೆ ಚಿಮಟದಿಂದ ಎತ್ತಿ. ಆದರೆ ಹೊಳೆಯುವಂತೆ ತೊಳೆಯಬೇಡಿ. ನಾಲ್ಕಾರು ಒಣ ಕೋಶಗಳನ್ನು ಅಲ್ಲೇ ಬಿಟ್ಟರೆ ಮುಂದಿನ ಹೆಣಗಳೂ ಅದೇ ಮೂಲೆಗೆ ಬರುತ್ತವೆ. ಪೂರ್ತಿ ಖಾಲಿ ಮಾಡಿದರೆ ಹೊಸ ಗುಡ್ಡೆ ಟ್ಯೂಬಿನ ಬಾಯಲ್ಲೋ ನೀರಿನ ಹತ್ತಿಯ ಮೇಲೋ ಏಳಬಹುದು. ಸೋಂಕಿನ ಶಂಕೆ ಇದ್ದಾಗ ಮಾತ್ರ ಒಂದು ಚೂರೂ ಬಿಡದೆ ತೆಗೆದು, ಆ ಮೂಲೆಯನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಒರೆಸಿ. ಒರೆಸುವಾಗ ಟ್ಯೂಬಿನ ದಾರಿಯನ್ನು ತಾತ್ಕಾಲಿಕವಾಗಿ ಮುಚ್ಚಿ, ವಾಸನೆ ಪೂರ್ತಿ ಹೋದ ಮೇಲೆ ತೆರೆಯಿರಿ. ಪರಿಮಳದ ಸಾಬೂನು, ಫಿನಾಯಿಲ್ ಬೇಡವೇ ಬೇಡ. ಚಿಮಟವನ್ನು ಪ್ರತಿ ಬಾರಿ ಬಿಸಿನೀರಿನಲ್ಲಿ ತೊಳೆಯಿರಿ, ಕೈಯನ್ನೂ ಸಾಬೂನಿನಿಂದ ತೊಳೆಯಿರಿ.

ಟ್ಯೂಬಿನೊಳಗೆ ಮರಿಗಳ ಪಕ್ಕ ಒಂದು ಹೆಣ ಕಂಡರೆ ತಂತಿ ತೂರಿಸಿ ತೆಗೆಯಲು ಹೋಗಬೇಡಿ. ಎರಡು ಮೂರು ದಿನ ಕಾಯಿರಿ, ಅವೇ ತೆಗೆಯುತ್ತವೆ. ಅಲ್ಲಾಡಿಸಿದ ಗೂಡಿನಲ್ಲಿ ರಾಣಿ ಮೊಟ್ಟೆಗಳನ್ನು ತಿಂದುಬಿಡುವ ಅಪಾಯ ಹೆಣದ ಅಪಾಯಕ್ಕಿಂತ ದೊಡ್ಡದು. ಹೆಣಗಳು ಪದೇ ಪದೇ ಒಳಗೇ ಉಳಿದರೆ ಪೆಟ್ಟಿಗೆಯಲ್ಲಿ ತೊಂದರೆ ಇದೆ, ಅತಿ ಬೆಳಕು, ಬಿಸಿಲು ಅಥವಾ ಸ್ಪ್ರೇಯ ಅಂಶ ಅವುಗಳನ್ನು ಹೊರಗೆ ಬರದಂತೆ ಮಾಡಿರಬಹುದು. ಗೂಡು ಬದಲಿಸುವುದು ಕೊನೆಯ ದಾರಿ. ಒಳಗಿನ ಹತ್ತಿ ಕಪ್ಪಾಗಿ ಬೂಸ್ಟು ಹರಡಿದ್ದರೆ ಅಥವಾ ಪರೀಕ್ಷೆಯಲ್ಲಿ ಹೆಚ್ಚಿನ ಹೆಣಗಳು ಕೀಲುಗಳಿಂದ ಹಸಿರಾದರೆ ಮಾತ್ರ ಅದಕ್ಕೆ ಕೈಹಾಕಿ. ಹೊಸ ಟ್ಯೂಬಿನ ಮೂರನೇ ಒಂದು ಭಾಗಕ್ಕೆ ನೀರು ತುಂಬಿ, ಹತ್ತಿಯಿಂದ ಬಿಗಿದು, ಪೆಟ್ಟಿಗೆಗೆ ಜೋಡಿಸಿ ಕಪ್ಪು ಕಾಗದ ಸುತ್ತಿ. ಹಳೆಯದರ ಮುಚ್ಚಿಗೆ ತೆಗೆದು ಬೆಳಕಿಗೆ ಒಡ್ಡಿ, ನೇರ ಬಿಸಿಲಿಗೆ ಅಲ್ಲ. ಕೆಲವು ಗಂಟೆಗಳಿಂದ ಒಂದು ವಾರದವರೆಗೆ ಹಿಡಿಯಬಹುದು. ಬಡಿದು ಉದುರಿಸಿದರೆ ಮರಿಗಳಿಗೆ ಪೆಟ್ಟಾಗುತ್ತದೆ. ಸೋಂಕಿತ ಗೂಡನ್ನು ಹೊರಗೆ ಬಿಡುವುದು ತಪ್ಪು, ಅಲ್ಲಿನ ಗೂಡುಗಳಿಗೂ ರೋಗ ತಲುಪುತ್ತದೆ.

ಒಂದು ಹೆಣದ ವಿಷಯದಲ್ಲಿ ಮಾತ್ರ ಈ ಯಾವ ಲೆಕ್ಕವೂ ನಡೆಯುವುದಿಲ್ಲ, ಅದು ರಾಣಿಯದು. ರಾಣಿ ಸತ್ತರೂ ಅದರ ಮೈಯ ವಾಸನೆ ಬೇಗ ಹೋಗುವುದಿಲ್ಲ. ಕೆಲಸಗಾರ ಇರುವೆಗಳು ದಿನಗಟ್ಟಲೆ ಅದನ್ನು ಸುತ್ತುವರಿದು ನೆಕ್ಕುತ್ತಿರುತ್ತವೆ, ನೋಡಿದವರಿಗೆ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ. ಆದ್ದರಿಂದ ಸುತ್ತ ಇರುವೆಗಳಿವೆ ಎಂಬುದನ್ನು ನಂಬದೆ ರಾಣಿಯ ಕುಡಿಮೀಸೆ ಅಲುಗುತ್ತಿದೆಯೇ, ಹೊಸ ಮೊಟ್ಟೆಗಳಿವೆಯೇ ಎಂದು ಕೆಂಪು ಬೆಳಕಿನಲ್ಲಿ ನೋಡಿ.

ಮಗಳ ಪ್ರಯೋಗಕ್ಕೆ ಎಣ್ಣೆ ಬೇಡ. ಅಡುಗೆ ಎಣ್ಣೆಯಲ್ಲಿ ಒಲೆಯಿಕ್ ಆಮ್ಲ ಬಹುಪಾಲು ಗ್ಲಿಸರಾಲ್ ಎಂಬ ಇನ್ನೊಂದು ವಸ್ತುವಿಗೆ ಕಟ್ಟಿಕೊಂಡಿರುತ್ತದೆ, ಬಿಡಿಯಾಗಿರುವುದು ತೀರ ಕಡಿಮೆ. ಒಳ್ಳೆಯ ಆಲಿವ್ ಎಣ್ಣೆಯಲ್ಲೂ ಅದು ಶೇಕಡಾ 0.8 ಮೀರುವುದಿಲ್ಲ. ಹಾಗಾಗಿ ಫಲಿತಾಂಶ ಸಿಗುವುದೇ ಅನುಮಾನ, ಅದರ ಮೇಲೆ ಎಣ್ಣೆ ಉಸಿರಾಟದ ರಂಧ್ರಗಳನ್ನು ಮುಚ್ಚಿ ಇರುವೆಯನ್ನೇ ಕೊಲ್ಲುತ್ತದೆ. ಬದಲಿಗೆ, ಹತ್ತಿಯ ಮೇಲಿಟ್ಟ ಹೆಣಗಳಲ್ಲಿ ಏಳು ದಿನವಾದರೂ ಶಿಲೀಂಧ್ರ ಕಾಣದಿದ್ದರೆ, ಗುಡ್ಡೆಯಲ್ಲಿ ಎರಡು ದಿನಕ್ಕಿಂತ ಹಳೆಯದಾದ ಒಂದು ಹೆಣವನ್ನು ತೆಗೆದುಕೊಳ್ಳಿ. ಮೂರು ಮಿಲಿಮೀಟರಿನ ಎರಡು ಕಾಗದದ ಚೂರು ಮಾಡಿ. ಒಂದರ ಮೇಲೆ ಹೆಣವನ್ನು ಒತ್ತಿ ಚೆನ್ನಾಗಿ ಉಜ್ಜಿ, ಇನ್ನೊಂದನ್ನು ಹಾಗೆಯೇ ಬಿಡಿ, ಚಿಮಟದಿಂದಲೇ ಹಿಡಿಯಿರಿ. ಒಲೆಯಿಕ್ ಆಮ್ಲ ಗಾಳಿಯಲ್ಲಿ ಹರಡುವಂಥದ್ದಲ್ಲ, ಕುಡಿಮೀಸೆ ತಾಗಿದರೇ ಗೊತ್ತಾಗುವುದು. ಆದ್ದರಿಂದ ಎರಡನ್ನೂ ಇರುವೆಗಳು ಓಡಾಡುವ ದಾರಿಯ ಮೇಲೆ, ಟ್ಯೂಬಿನ ಬಾಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಇಡಿ. ಯಾವುದನ್ನು ಎಷ್ಟು ಹೊತ್ತಿಗೆ ಎತ್ತಿದವು, ಎಲ್ಲಿಗೆ ಒಯ್ದವು ಎಂದು ಮಗಳೇ ಬರೆದುಕೊಳ್ಳಲಿ. ಆಹಾರ ಇಟ್ಟ ಹೊತ್ತಿನಲ್ಲಿ ಒಮ್ಮೆ, ಆಹಾರವಿಲ್ಲದ ಹೊತ್ತಿನಲ್ಲಿ ಇನ್ನೊಮ್ಮೆ ಮಾಡಿ. ಉಜ್ಜಿದ ಚೂರು ಎರಡೂ ಬಾರಿ ಒಂದೇ ಕಡೆ ಹೋಗಬೇಕೆಂದೇನಿಲ್ಲ.